ಎರಡೆಕರೆ ಗದ್ದೆಗೆ ಐದೆಕರೆ ಎರೆ

ಮೂವತ್ತು ವರ್ಷ ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟೆ. ಅದರಲ್ಲಿ ಒಂದು ಪಾಠ ಆಸ್ತಿ ಹಕ್ಕಿನದು. ಯಾವ ಆಸ್ತಿ ಯಾರದು ಎಂಬುದು ಸ್ಪಷ್ಟವಾಗಿದ್ದು, ಇಬ್ಬರು ಕೂತು ಮಾತಾಡಿ ಒಪ್ಪಂದಕ್ಕೆ ಬರಲು ಖರ್ಚೇ ಇಲ್ಲದಿದ್ದರೆ, ಆಸ್ತಿ ತಾನಾಗಿಯೇ ಅದನ್ನು ಚೆನ್ನಾಗಿ ಬಳಸುವವನ ಕೈಗೆ ಹೋಗುತ್ತದೆ. ಆ ಖರ್ಚಿಗೆ ವಹಿವಾಟು ವೆಚ್ಚ ಎಂದು ಹೆಸರು. ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ‘ಇದು ಪರೀಕ್ಷಾಕ್ಕ ಬರ್ತೈತಿ, ಬರ್ಕೊಳ್ರಿ’ ಎನ್ನುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ನನ್ನ ಬಾಯಿಗಿಷ್ಟು ಮಣ್ಣು ಹಾಕ! ನಿವೃತ್ತಿಯಾಗಿ, ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಂಬ ಮೂರು ಊರುಗಳ ಕಚೇರಿ ಮೆಟ್ಟಿಲು ಸವೆಸಿದ ಮೇಲೆ ಗೊತ್ತಾಯಿತು, ಆ ಪಾಠದಲ್ಲಿ ನಾನೇ ಪಾಸಾಗುತ್ತಿರಲಿಲ್ಲ ಎಂದು.

ನಮ್ಮದು ಕುರುಗೋಡು. ಅಪ್ಪನಿಗೆ ಅವನ ತಾಯಿಯ ಕಡೆಯಿಂದ ಸಿರುಗುಪ್ಪದ ಹತ್ತಿರ ಕಾಲುವೆ ಕೆಳಗೆ ಎರಡೆಕರೆ ಗದ್ದೆ ಬಂದಿತ್ತು. ಸಿರುಗುಪ್ಪದಲ್ಲಿ ಅಪ್ಪನಿಗೊಬ್ಬ ಗೆಳೆಯ. ಆ ಗೆಳೆಯನಿಗೂ ತಾಯಿಯ ಕಡೆಯಿಂದಲೇ ಕುರುಗೋಡಿನಲ್ಲಿ ಐದೆಕರೆ ಕಪ್ಪುಮಣ್ಣಿನ ಎರೆ ಹೊಲ ಬಂದಿತ್ತು, ಅದೂ ನಮ್ಮ ಹೊಲದ ಬದುವಿಗೇ ಹತ್ತಿಕೊಂಡು. ಇವನ ಗದ್ದೆ ಅವರ ಮನೆ ಬಾಗಿಲಲ್ಲಿ, ಅವರ ಹೊಲ ಇವನ ಮಗ್ಗುಲಲ್ಲಿ. ಇಬ್ಬರೂ ಬಸ್ಸು ಹಿಡಿದು ಒಬ್ಬರ ಊರಿಗೊಬ್ಬರು ಬೇಸಾಯಕ್ಕೆ ಹೋಗುತ್ತಿದ್ದರು. ದಾರಿಯಲ್ಲಿ ಎದುರಾದರೆ ಕಿಟಕಿಯಿಂದ ಕೈ ಬೀಸುತ್ತಿದ್ದರಂತೆ.

ಹೀಗೇ ಎಷ್ಟು ದಿನ ಎಂದು, ಒಂದು ಬೆಳಿಗ್ಗೆ ಕುರುಗೋಡಿನ ಬಸವಣ್ಣನ ಗುಡಿ ಮುಂದೆ ಕೂತು, ‘ನಂದು ನೀ ಮಾಡು, ನಿಂದು ನಾ ಮಾಡ್ತೀನಿ’ ಎಂದು ಮುಗಿಸಿದರು. ಒಬ್ಬರ ಹಣೆಗೊಬ್ಬರು ವಿಭೂತಿ ಹಚ್ಚಿದರು, ಚಹಾ ಕುಡಿದರು, ಎದ್ದರು. ಎರಡೆಕರೆ ನೀರಾವರಿಗೆ ಐದೆಕರೆ ಒಣಬೇಸಾಯ ಸರಿಸಮ ಎಂದು ಅವರಿಗೆ ಯಾವ ಪ್ರೊಫೆಸರೂ ಹೇಳಿರಲಿಲ್ಲ. ಕಾಗದ ಮಾಡಿಸಲಿಲ್ಲ. ವಹಿವಾಟು ವೆಚ್ಚ ಎರಡು ಚಹಾ.

ಒಂದೇ ಒಂದು ಕರಾರು ಇಟ್ಟುಕೊಂಡಿದ್ದರು. ಬೆಳೆ ಬೆಳೆದವನದು, ಆದರೆ ಭೂಮಿತಾಯಿಗೆ ಚರಗ ಚೆಲ್ಲುವುದು ಮಾತ್ರ ಪಹಣಿಯಲ್ಲಿ ಹೆಸರಿದ್ದವನೇ ಮಾಡಬೇಕು. ಆಕೆಗೆ ಹಳೆಯ ಕೈಯ ಗುರುತಿರುತ್ತದೆ ಎಂಬುದು ಅವರ ಲೆಕ್ಕ. ಹೀಗಾಗಿ ಸೀಗಿ ಹುಣ್ಣಿಮೆಗೆ ಅಪ್ಪ ನಮ್ಮನ್ನೆಲ್ಲ ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿ, ಹೊಡೆ ತುಂಬಿದ ಭತ್ತದ ನಡುವೆ ಕಡುಬು, ಪಲ್ಯ, ಅನ್ನ ಕಲಸಿ ಚೆಲ್ಲುತ್ತಿದ್ದ. ಎಳ್ಳಮಾಸಿಗೆ ಅವರು ಕುರುಗೋಡಿಗೆ ಬಂದು ಬಿಳಿಜೋಳದ ಹೊಲದಲ್ಲಿ ಚೆಲ್ಲುತ್ತಿದ್ದರು. ಅವರನ್ನು ನಾವು ಸಿರುಗುಪ್ಪ ದೊಡ್ಡಪ್ಪ ಎನ್ನುತ್ತಿದ್ದೆವು. ರಕ್ತಸಂಬಂಧವಿಲ್ಲ ಎಂದು ನನಗೆ ತಿಳಿದಿದ್ದೇ ಹೈಸ್ಕೂಲಿಗೆ ಬಂದ ಮೇಲೆ.

ಅಪ್ಪ ಹೋದ ಮೇಲೆ ಕುರುಗೋಡಿನ ಬೇಸಾಯ ನನ್ನ ತಮ್ಮನ ಪಾಲಿಗೆ ಬಂತು. ಸಿರುಗುಪ್ಪದಲ್ಲಿ ದೊಡ್ಡಪ್ಪನ ಒಬ್ಬಳೇ ಮಗಳು ಗದ್ದೆ ನೋಡಿಕೊಳ್ಳುತ್ತಿದ್ದಳು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನಾನು ತಂಗಿ ಎನ್ನುತ್ತಿದ್ದೆ, ಅವಳು ಅಣ್ಣಾ ಎನ್ನುತ್ತಿದ್ದಳು. ಆ ಗದ್ದೆಯ ಕೆಳಗಿನ ಮೂಲೆ ಸವುಳು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಬಿಳಿಚಿಕೊಂಡು ನಿಲ್ಲುತ್ತಿತ್ತು. ಅಪ್ಪನೂ ದೊಡ್ಡಪ್ಪನೂ ಅದನ್ನು ಕೈಬಿಟ್ಟಿದ್ದರು. ಇವಳು ಅದಕ್ಕೆ ಬಸಿಗಾಲುವೆ ತೆಗೆಸಿ, ಕೆರೆಮಣ್ಣು ಹೊಡೆಸಿ, ವರ್ಷಾ ವರ್ಷಾ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬಿಡುವ ಮೊದಲೇ ಉಳುಮೆಯಲ್ಲಿ ಮುಚ್ಚಿ, ಏಳು ವರ್ಷದಲ್ಲಿ ಆ ಮೂಲೆಯಲ್ಲೂ ಭತ್ತ ತೂಗುವಂತೆ ಮಾಡಿದಳು. ಹೆಸರಿಲ್ಲದ ನೆಲಕ್ಕೆ ಯಾರೂ ಬೆವರು ಸುರಿಸುವುದಿಲ್ಲ ಎಂದು ನಮ್ಮ ಪುಸ್ತಕದಲ್ಲಿ ಇತ್ತು. ಪುಸ್ತಕ ಬರೆದವರು ಇವಳನ್ನು ನೋಡಿರಲಿಲ್ಲ.

ಆದರೆ ಹೆಸರಿಲ್ಲದ ಕಷ್ಟ ಇದ್ದೇ ಇತ್ತು. ಅಪ್ಪನ ನಂತರ ಗದ್ದೆಯ ಪಹಣಿ ನನ್ನ, ತಮ್ಮನ, ನಮ್ಮ ಅಕ್ಕನ ಹೆಸರಿಗೆ ಜಂಟಿಯಾಗಿ ಬಂದಿತ್ತು. ಫೋನ್ ನಂಬರು ನನ್ನದು. ಗೊಬ್ಬರಕ್ಕೆ, ಬೆಳೆ ವಿಮೆಗೆ, ಭತ್ತ ಖರೀದಿ ಕೇಂದ್ರದಲ್ಲಿ ಹೆಸರು ಬರೆಸುವುದಕ್ಕೆ ಅವಳು ಸಿರುಗುಪ್ಪದಲ್ಲಿ ಸರದಿಯಲ್ಲಿ ನಿಂತರೆ ನಂಬರು ಬಳ್ಳಾರಿಯಲ್ಲಿ ನನ್ನ ಜೇಬಿಗೆ ಬರುತ್ತಿತ್ತು.

‘ಅಣ್ಣಾ, ಓಟಿಪಿ ಬಂತೇನ್ರಿ? ಜಲ್ದಿ ಹೇಳ್ರಿ, ಹಿಂದಿನೋರು ಬೈಯಾಕ ಹತ್ಯಾರ.’

ನಾನು ಕ್ಲಾಸಿನಲ್ಲಿದ್ದರೆ ಅವಳ ಸರದಿ ಹೋಯಿತು. ಒಮ್ಮೆ ನಾನು ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದೆ. ನಾನು ಹೇಳಿದ ನಂಬರು ಅವಳಿಗೆ ತಿಳಿಯಲಿಲ್ಲ, ಅವತ್ತು ಬರಿಗೈಯಲ್ಲಿ ಮನೆಗೆ ಹೋದಳು. ಮರುದಿನ ಅದನ್ನೇ ಹೇಳಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ನಾನು ನಿವೃತ್ತಿಯಾದ ವರ್ಷ ಸೀಗಿ ಹುಣ್ಣಿಮೆಗೆ ಸಿರುಗುಪ್ಪಕ್ಕೆ ಹೋದಾಗ, ಚರಗ ಚೆಲ್ಲಿ ಬದುವಿನ ಮೇಲೆ ಊಟಕ್ಕೆ ಕೂತಿದ್ದೆವು. ದೊಡ್ಡಪ್ಪನಿಗೆ ಆಗಲೇ ಎಂಬತ್ತು ದಾಟಿತ್ತು. ನನ್ನನ್ನು ಅವರು ತೆಲುಗಿನಲ್ಲಿ ‘ಅಬ್ಬಾಯಿ’ ಎಂದೇ ಕರೆಯುತ್ತಿದ್ದುದು, ಹುಡುಗ ಎಂದು, ನನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೂ.

‘ಅಬ್ಬಾಯಿ, ನಾನು ನಿಮ್ಮಪ್ಪ ಮಾತಿನ ಮ್ಯಾಲ ಬದುಕಿದ್ವಿ. ನೀ ಅದೀಯ, ಸರಿ. ನಿನ್ನ ಮಕ್ಕಳು? ನಿಮ್ಮ ತಮ್ಮನ ಮಕ್ಕಳು? ನಾಳಿ ಯಾರರ ಬಂದು, ಏಳಬೇ, ಇದು ನಮ್ಮ ಗದ್ದಿ ಅಂದ್ರ ಈಕಿ ಎಲ್ಲಿಗೆ ಹೋಗ್ಬೇಕು? ನಾ ಕಣ್ಣು ಮುಚ್ಚೋದ್ರಾಗ ಈ ಗದ್ದಿ ಪಹಣಿಯಾಗ ಈಕಿ ಹೆಸರು ನೋಡ್ಬೇಕು. ಅದೊಂದು ಮಾಡಿಕೊಡು.’

‘ಸುಮ್ನಿರಪ್ಪಾ, ಉಣ್ಣೋ ಮುಂದ ಇದೇನು’ ಎಂದು ಅವಳು ಅವರ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು. ಆದರೆ ಕಣ್ಣು ನನ್ನ ಮೇಲೇ ಇತ್ತು.

‘ಇದೇನು ದೊಡ್ಡ ಮಾತು ದೊಡ್ಡಪ್ಪಾ? ಎರಡೂ ಕಡಿ ಒಪ್ಪೀವಿ. ಒಂದು ಕಾಗದ, ನಾಕು ಸಹಿ. ದೀಪಾವಳಿಯೊಳಗ ಮುಗಿಸ್ತೀನಿ’ ಎಂದುಬಿಟ್ಟೆ. ಯಾವ ವರ್ಷದ ದೀಪಾವಳಿ ಎಂದು ಹೇಳಿರಲಿಲ್ಲ, ಅದೊಂದೇ ಬಚಾವು.

ಸಿರುಗುಪ್ಪದ ನೋಂದಣಿ ಕಚೇರಿಯಲ್ಲಿ, ಮೊದಲು ಗದ್ದೆಯ ನಕ್ಷೆ ತನ್ನಿ ಎಂದರು. ಸರ್ವೆ ಕಚೇರಿಯಲ್ಲಿ, ನಕ್ಷೆ ಬೇಕೆಂದರೆ ಮೊದಲು ಪೋಡಿ ಆಗಬೇಕು ಎಂದರು. ಪೋಡಿ ಎಂದರೆ ಒಂದೇ ಸರ್ವೆ ನಂಬರಿನಲ್ಲಿರುವವರ ಪಾಲನ್ನೆಲ್ಲ ಅಳೆದು ಬೇರೆ ಬೇರೆ ಮಾಡುವುದು. ನಮ್ಮ ನಂಬರಿನಲ್ಲಿ ಎಂಟು ಹೆಸರು. ಅದರಲ್ಲಿ ನಾಲ್ವರು ಸತ್ತಿದ್ದರು.

‘ಸತ್ತೋರ ವಾರಸುದಾರರನ್ನ ಕರ್ಕೊಂಡು ಬರ್ರಿ ಸರ್’ ಎಂದ ಗುಮಾಸ್ತ, ಅವರೆಲ್ಲ ನನ್ನ ಮನೆಯ ಹಿತ್ತಲಲ್ಲಿ ಕೂತಿದ್ದಾರೆ ಎಂಬಷ್ಟು ಸಲೀಸಾಗಿ.

ಕುರುಗೋಡಿನದು ಇನ್ನೊಂದು ಕಥೆ. ಕುರುಗೋಡು ಈಚೆಗೆ ತಾಲೂಕಾಗಿದೆ. ದೊಡ್ಡಪ್ಪನ ಹೊಲದ ಹಳೇ ಕಡತ ಬಳ್ಳಾರಿಯಲ್ಲಿದೆ ಎಂದರು ಅಲ್ಲಿನವರು. ಬಳ್ಳಾರಿಯಲ್ಲಿ, ಕುರುಗೋಡು ತಾಲೂಕಾದಾಗಲೇ ಎಲ್ಲ ಕಳಿಸಿಕೊಟ್ಟಿದ್ದೇವೆ ಎಂದರು. ತಿರುಗಿ ಕುರುಗೋಡಿಗೆ ಬಂದರೆ, ಕಳಿಸಿದ್ದಾರೆ ಎಂಬುದಕ್ಕೆ ಪತ್ರ ತನ್ನಿ. ಬಳ್ಳಾರಿಗೆ ಹೋದರೆ, ಬಂದಿಲ್ಲ ಎಂಬುದಕ್ಕೆ ಪತ್ರ ತನ್ನಿ. ಕೋಟೆ ಗುಡ್ಡದ ಕೆಳಗೆ ಬಿಸಿಲಲ್ಲಿ ಆಟೋಗೆ ಕಾಯುತ್ತಾ ನಾನು ಒಬ್ಬನೇ ಜೋರಾಗಿ ಬೈದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಚೀಲ ಎತ್ತಿಕೊಂಡು ದೂರ ಹೋಗಿ ನಿಂತಳು.

ಲಂಚ ಕೇಳಿದರೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ ಸ್ವಾಮಿ, ಯಾರೂ ಕೇಳಲಿಲ್ಲ. ಕೇಳಿದ್ದರೆ ಒಬ್ಬ ದುಷ್ಟನಾದರೂ ಸಿಗುತ್ತಿದ್ದ, ಬೈಯಲು ಒಂದು ಮುಖ ಇರುತ್ತಿತ್ತು. ಎಲ್ಲರೂ ‘ಕುಂದ್ರಿ ಸರ್’ ಎನ್ನುವವರೇ. ಇಬ್ಬರು ಗುಮಾಸ್ತರು ನನ್ನ ಹಳೇ ವಿದ್ಯಾರ್ಥಿಗಳು, ಕಾಲು ಮುಟ್ಟಿ ನಮಸ್ಕಾರ ಮಾಡಿ ‘ಸರ್ವರ್ ಇಲ್ಲ ಸರ್’ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಡಲು ಸಿದ್ಧನಿದ್ದ. ಗುಡಿಯ ಬಾಗಿಲು ಎಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅಕ್ಕನ ಸಹಿ ಬೇಕಿತ್ತು. ಅವಳನ್ನು ಗಡಿಯಾಚೆ ಆದೋನಿಗೆ ಕೊಟ್ಟು ನಲವತ್ತು ವರ್ಷವಾಗಿತ್ತು. ಕಾಗದ ಹಿಡಿದುಕೊಂಡು ಹೋದೆ.

‘ಸಿರುಗುಪ್ಪದಾಗ ನಂದೂ ಗದ್ದಿ ಐತೇನು?’ ಎಂದು ಕಣ್ಣರಳಿಸಿದಳು.

‘ಹೆಸರಿಗೆ ಐತಿ. ಅದು ದೊಡ್ಡಪ್ಪ ಮಾಡೋ ಗದ್ದಿ, ಗೊತ್ತಿಲ್ಲೇನು ನಿನಗ? ಚರಗಕ್ಕ ಹೋಗ್ತಿದ್ವಲ್ಲ.’

‘ಗೊತ್ತೈತೋ. ಆದ್ರ ಕಾಗದದಾಗ ನನ್ನ ಹೆಸರು ಐತಿ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಏನೂ ಅನಿಸ್ತಿರಲಿಲ್ಲ, ಗೊತ್ತಾದ ಮ್ಯಾಲ ಬಿಡಾಕ ಸಂಕಟ ಆಗ್ತೈತಿ ನೋಡು.’

ಇದ್ದದ್ದು ಇದ್ದಂಗ ಹೇಳಿದಳು, ನನಗೆ ಎದೆಗೆ ಒದ್ದಂತಾಯಿತು. ಹಕ್ಕು ಬಿಡಿಸಿಕೊಳ್ಳಲು ಹೋಗಿ ನಾನೇ ಹಕ್ಕು ಇದೆ ಎಂದು ಹೇಳಿಬಂದಂತಾಗಿತ್ತು. ಆದರೂ ಅಕ್ಕ ದೊಡ್ಡ ಮನಸ್ಸಿನವಳು, ಒಪ್ಪಿದಳು. ಒಮ್ಮೆ ಸಿರುಗುಪ್ಪಕ್ಕೆ ಬಂದಳು, ಸರ್ವರ್ ಇರಲಿಲ್ಲ. ಇನ್ನೊಮ್ಮೆ ಬಂದಳು, ಸರ್ವೆಯರು ಬೇರೆ ಕೆಲಸದ ಮೇಲೆ ಹೋಗಿದ್ದ. ಮೂರನೇ ಸಲ ಕರೆದಾಗ, ‘ನನ್ನ ಮೊಣಕಾಲು ನಿನಗ ಪುಗಸಟ್ಟೆ ಸಿಕ್ಕಾವೇನೋ? ನೀನ ಇಲ್ಲಿಗೆ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗು’ ಎಂದು ಫೋನ್ ಇಟ್ಟಳು.

ಹೀಗೆ ಒಂದು ವರ್ಷ ಕಳೆಯಿತು. ಮತ್ತೊಂದು ಸೀಗಿ ಹುಣ್ಣಿಮೆ ಬಂತು. ದೊಡ್ಡಪ್ಪ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅವರ ಮಗಳು ಊಟಕ್ಕೆ ಬಡಿಸುತ್ತಾ, ‘ಬಿಡ್ರಿ ಅಣ್ಣಾ, ಆಗೋ ಹೊತ್ತಿಗೆ ಆಗ್ತೈತಿ’ ಎಂದಳು. ಅವಳೇ ನನ್ನನ್ನು ಸಮಾಧಾನ ಮಾಡುವಂತಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಮರುದಿನ ಬಳ್ಳಾರಿಯಲ್ಲಿ ಒಬ್ಬ ವಕೀಲರ ಬಳಿ ಹೋದೆ.

ವಕೀಲರು ನನ್ನ ಕಾಗದದ ಗಂಟನ್ನು ಬಿಚ್ಚಲೂ ಇಲ್ಲ. ‘ಆಫೀಸಿನ ದಾರಿ ಬಿಡ್ರಿ ಸರ್. ನಿಮ್ಮ ಜೀವನ ಅಲ್ಲೇ ಹೋಗ್ತೈತಿ. ಕೋರ್ಟಿಗೆ ಬರ್ರಿ. ನೀವು ಅವರ ಮ್ಯಾಲ ಒಂದು ದಾವಾ ಹಾಕ್ರಿ. ಅವರು ಬಂದು, ಇದು ಅದಲಿ ಬದಲಿಯಾಗಿ ನಮಗ ಬಂದಿದ್ದು ಅಂತಾರ. ನೀವು ಹೌದು ಅಂತೀರಿ. ರಾಜಿ ಆತು. ಕೋರ್ಟು ಡಿಕ್ರಿ ಕೊಡ್ತೈತಿ. ಆ ಡಿಕ್ರಿ ಮ್ಯಾಲ ಅವರ ಮಗಳ ಹೆಸರು ಪಹಣಿಗೆ ತಾನಾಗಿ ಏರ್ತೈತಿ.’

‘ನಮಗ ಜಗಳ ಇಲ್ಲಲ್ರೀ’ ಎಂದೆ.

‘ಜಗಳ ಇಲ್ಲದ ಕಡಿ ರಾಜಿ ಹೆಂಗ ಮಾಡಸ್ತೀರಿ ಸರ್?’ ಎಂದರು ವಕೀಲರು, ತೀರಾ ಸಹಜವಾಗಿ. ‘ಕಾಗದದ ಮ್ಯಾಲ ಜಗಳ. ಬರೇ ಫಾರ್ಮಾಲಿಟಿ.’

ನನಗೆ ಅದು ಎಷ್ಟು ಜಾಣತನದ ದಾರಿ ಎನಿಸಿತೆಂದರೆ, ಒಳಗೊಳಗೇ ಖುಷಿಪಟ್ಟೆ. ಒಪ್ಪಿದವರಿಗೆ ಮುಚ್ಚಿದ ಬಾಗಿಲು ಜಗಳಗಂಟರಿಗೆ ತೆರೆದಿದೆ ಎಂದರೆ, ಜಗಳ ಆಡಿಯೇ ಒಳಗೆ ಹೋಗೋಣ! ವಕೀಲರ ಟೈಪಿಸ್ಟು ಹನ್ನೊಂದು ಪುಟ ತಂದಿಟ್ಟಳು. ಪ್ರತಿ ಪುಟದ ಕೆಳಗೂ ಸಹಿ ಮಾಡಿದೆ. ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು, ಓದಲಿಲ್ಲ. ಓದದೆ ಎಲ್ಲೂ ಸಹಿ ಮಾಡಬೇಡಿ ಎಂದು ಮೂವತ್ತು ವರ್ಷ ಹುಡುಗರ ಮುಂದೆ ಭಾಷಣ ಬಿಗಿದ ಮಹಾಶಯ ನಾನು.

ಸಿರುಗುಪ್ಪದಲ್ಲಿ ತಂದೆ ಮಗಳಿಬ್ಬರನ್ನೂ ಕೂಡಿಸಿಕೊಂಡು ಹೇಳಿದೆ. ಕೋರ್ಟಿನಿಂದ ಒಂದು ಕಾಗದ ಬರುತ್ತದೆ, ಸಹಿ ಹಾಕಿ ಇಸಿದುಕೊಳ್ಳಿ, ಹೆದರಬೇಡಿ, ಎಲ್ಲ ಸುಳ್ಳುಜಗಳ ಎಂದೆ. ದೊಡ್ಡಪ್ಪ ‘ನೀ ಹೇಳಿದ್ರ ಆತು’ ಎಂದರು. ಒಂದು ಸಂಗತಿ ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ದೊಡ್ಡಪ್ಪ ಓದಿದ್ದು ಹಳೇ ಕಾಲದ ತೆಲುಗು ಶಾಲೆಯಲ್ಲಿ. ಜೀವನವೆಲ್ಲ ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ನಮ್ಮ ಕಡೆ ಅಂಥ ಹಿರಿಯರು ಇನ್ನೂ ಇದ್ದಾರೆ. ಚಿಕ್ಕಂದಿನಲ್ಲಿ ಬಸ್ಸಿನ ಬೋರ್ಡು ಅವರಿಗೆ ಓದಿ ಹೇಳುತ್ತಿದ್ದವನೇ ನಾನು.

ಎಳ್ಳಮಾಸಿಗೆ ಇನ್ನೂ ಕೆಲವು ದಿನ ಇತ್ತು. ಕೋರ್ಟಿನ ಅಮೀನ ಸಮನ್ಸಿನ ಜೊತೆ ದಾವಾದ ಪ್ರತಿ ತಂದಾಗ ಮಗಳು ಗದ್ದೆಯಲ್ಲಿದ್ದಳು. ದೊಡ್ಡಪ್ಪ ಚಹಾದಂಗಡಿಯ ಬೆಂಚಿನ ಮೇಲಿದ್ದರು. ಅಲ್ಲೇ ತೆಲುಗಿನಲ್ಲಿ ಸಹಿ ಮಾಡಿ ಇಸಿದುಕೊಂಡರು. ‘ನಮ್ಮ ಅಬ್ಬಾಯಿ ಕಳಿಸ್ಯಾನ, ನನ್ನ ಮಗಳಿಗೆ ಗದ್ದಿ ಮಾಡಿಕೊಡ್ತಾನ’ ಎಂದು ಸಂಭ್ರಮದಿಂದ ಎಲ್ಲರಿಗೂ ತೋರಿಸಿ, ಓದಿ ಹೇಳಪ್ಪಾ ಎಂದು ಚಹಾದಂಗಡಿಯವನ ಕೈಗೆ ಕೊಟ್ಟರು. ಅವನು ಓದಿದ. ಅಂಗಡಿ ತುಂಬ ಜನ.

ಸಂಜೆ ಅವಳ ಫೋನ್ ಬಂತು. ಓಟಿಪಿ ಇರಬೇಕು ಎಂದುಕೊಂಡೆ.

‘ಅಣ್ಣಾ, ಅದರಾಗ ಏನ್ ಬರ್ಸೀರಿ? ಅಪ್ಪ ಮಧ್ಯಾಹ್ನದಿಂದ ಬಾಯಾಗ ನೀರು ಹಾಕಿಲ್ಲ.’

ಮರುದಿನ ಮೊದಲ ಬಸ್ಸಿಗೆ ಹೋದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು. ಬಾ ಎನ್ನಲಿಲ್ಲ. ತೊಡೆಯ ಮೇಲಿದ್ದ ಕಾಗದವನ್ನು ನನ್ನ ಕಡೆ ಚಾಚಿದರು.

‘ಓದು.’

ಓದಿದೆ. ನಾನು ಸಹಿ ಮಾಡಿದ್ದನ್ನು ಮೊದಲ ಸಲ ಓದಿದ್ದು ಅಲ್ಲಿ, ಅವರ ಮುಂದೆ, ಗಟ್ಟಿಯಾಗಿ. ‘ಪ್ರತಿವಾದಿಯು ವಾದಿಯ ತಂದೆಯ ಮುಗ್ಧತೆಯನ್ನು ದುರುಪಯೋಗಪಡಿಸಿಕೊಂಡು, ದಾವಾ ಆಸ್ತಿಯನ್ನು ದಬ್ಬಾಳಿಕೆಯಿಂದ ಅತಿಕ್ರಮಿಸಿ, ಅದರ ಫಲವನ್ನು ಅಕ್ರಮವಾಗಿ ಅನುಭವಿಸುತ್ತಾ ಬಂದಿರುತ್ತಾನೆ.’

‘ಕೆಳಗ ಸಹಿ ಯಾರದು?’

‘ನಂದ, ದೊಡ್ಡಪ್ಪಾ.’

‘ಓದಿ ಹಾಕಿದ್ಯೋ, ಓದದ ಹಾಕಿದ್ಯೋ?’

‘ಓದದ.’

‘ಮೇಷ್ಟ್ರು ನೀನು’ ಎಂದರು.

ನಾನು ಎಲ್ಲ ವಿವರಿಸಿದೆ. ರಾಜಿ, ಡಿಕ್ರಿ, ಬರೇ ಫಾರ್ಮಾಲಿಟಿ. ಬೇಕಾದರೆ ಆ ಸಾಲನ್ನೇ ತೆಗೆಸುತ್ತೇನೆ ಎಂದೆ. ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು:

‘ನಿಮ್ಮಪ್ಪನ್ನ ಮುಗ್ಧ ಅಂತ ಬರ್ಸೀಯ. ಎತ್ತಿನ ಬಾಯಿ ತೆಗೆದು ಹಲ್ಲು ನೋಡಿ ಮಾರೋನ ಮನಸ್ಸು ಹೇಳ್ತಿದ್ದ ಮನುಷ್ಯ ಅವ. ಇಬ್ಬರೂ ಬಸವಣ್ಣನ ಮುಂದ ಕುಂತು ಮಾತಾಡಿದ್ದು. ನಿನ್ನಿ ಆ ಚಾದಂಗಡ್ಯಾಗ ಎಲ್ಲರೂ ನನ್ನ ಮುಖ ನೋಡಿದ್ರು, ಅಬ್ಬಾಯಿ. ಒಬ್ಬನರ ನಗಲಿಲ್ಲ. ನಕ್ಕಿದ್ರ ಚಲೋ ಇತ್ತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಕೇಸ್ ತಗೊಂಡುಬಿಡು.’

‘ತಗೊಂಡ್ರ ತಂಗಿಗೆ ಗದ್ದಿ ಹೆಂಗ ಮಾಡಿಕೊಡ್ಲಿ ದೊಡ್ಡಪ್ಪಾ?’

‘ಮಾಡಿಕೊಡಬ್ಯಾಡ.’

ಕೇಸು ವಾಪಸ್ ತೆಗೆದುಕೊಳ್ಳುವುದು ಎಷ್ಟು ಸುಲಭ ಗೊತ್ತೇ? ಒಂದು ಅರ್ಜಿ, ಒಂದು ಸಹಿ, ಅರ್ಧ ತಾಸು. ಸರ್ವರ್ ಇತ್ತು. ಎಂಟು ಜನ ಬೇಕಾಗಲಿಲ್ಲ, ಸತ್ತವರು ಬೇಕಾಗಲಿಲ್ಲ. ಹೊರಗೆ ಬಂದು ನಾನು ಕೋರ್ಟಿನ ಬೇವಿನಮರದ ಕೆಳಗೆ ಕೂತು ಕಣ್ಣೀರು ಹಾಕಿದೆ, ಸಿಟ್ಟಿಗೆ.

ಎಳ್ಳಮಾಸಿಗೆ ದೊಡ್ಡಪ್ಪ ಎಂದಿನಂತೆ ಕುರುಗೋಡಿಗೆ ಬಂದರು. ಹೊಲಕ್ಕೆ ನಡೆದು ಹೋಗಿ ಚರಗ ಚೆಲ್ಲಿದರು. ನಮ್ಮ ತಮ್ಮನ ಹೆಂಡತಿ ಮಾಡಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡರು. ನನಗೆ ಜೀವ ಬಂದಂತಾಯಿತು, ಎಲ್ಲ ಮರೆತರು ಎಂದುಕೊಂಡೆ. ಕೈ ತೊಳೆದುಕೊಂಡು ತಮ್ಮನಿಗೆ ಹೇಳಿದರು:

‘ಈ ಜೋಳ ನೀನ ಕೊಯ್ಕೋ. ಯುಗಾದಿಯಿಂದ ನನ್ನ ಹೊಲ ನನಗ, ನಿಮ್ಮ ಗದ್ದಿ ನಿಮಗ. ಕಾಗದದಾಗ ಹೆಂಗ ಐತೋ ಹಂಗ.’

ತಮ್ಮನ ಕೈಯಲ್ಲಿದ್ದ ತಂಬಿಗೆ ಹಾಗೇ ಉಳಿಯಿತು. ನಾನು ಬಡಬಡಿಸಿದೆ. ಗದ್ದೆ ನಮ್ಮ ಹೆಸರಲ್ಲೇ ಇರಲಿ, ತಂಗಿಯೇ ಮಾಡಲಿ, ಯಾರು ಬೇಡವೆನ್ನುತ್ತಾರೆ ಎಂದೆ. ಅಷ್ಟೂ ವರ್ಷ ಇದ್ದ ಹಾಗೇ ಇರೋಣ ಎಂದು ಕೈಮುಗಿದೆ.

‘ದಬ್ಬಾಳಿಕಿಯಿಂದ ಹಿಡ್ದಾನ ಅಂತ ಬರದ ಗದ್ದ್ಯಾಗ ನನ್ನ ಮಗಳು ಕಾಲಿಡಂಗಿಲ್ಲ’ ಎಂದರು ದೊಡ್ಡಪ್ಪ. ಮಗಳು ಏನೆನ್ನುತ್ತಾಳೆ ಎಂದು ಅವರು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಮೊದಲಿನಿಂದ ಕೊನೆಯವರೆಗೆ ನಾನೂ ಕೇಳಿರಲಿಲ್ಲ.

ಯುಗಾದಿಗೆ ಎರಡು ದಿನ ಮೊದಲು ಅವಳೇ ಬಳ್ಳಾರಿಗೆ, ನಮ್ಮ ಮನೆಗೆ ಬಂದಳು. ಗದ್ದೆಯ ಮೋಟರ್ ಪೆಟ್ಟಿಗೆಯ ಕೀಲಿ ಮೇಜಿನ ಮೇಲೆ ಇಟ್ಟಳು. ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದಳು.

‘ಕೆಳಗಿನ ಮೂಲಿ ಸವುಳು ಐತ್ರಿ. ವರ್ಷಾ ಡಯಾಂಚ ಹಾಕ್ರಿ, ಹೂವು ಬಿಡೋದ್ರಾಗ ಮುಚ್ಚಿಬಿಡ್ರಿ. ಬಿಟ್ರ ಉಪ್ಪು ಮತ್ತ ಮ್ಯಾಲ ಬರ್ತೈತಿ’ ಎಂದಳು.

‘ನೀನ ಮಾಡು ತಂಗೀ. ನಿಮ್ಮಪ್ಪಗ ನಾ ಹೇಳ್ತೀನಿ.’

‘ಹೇಳಬ್ಯಾಡ್ರಿ. ಅವರು ಇರೋ ತನಕ ಸುಮ್ನಿರ್ರಿ. ಅವರು ಹೋದ ಮ್ಯಾಲೂ ಹೇಳಬ್ಯಾಡ್ರಿ’ ಎಂದು ಲೋಟ ತೊಳೆದಿಟ್ಟು ಹೋದಳು. ತೊಳೆಯಬೇಡ ಎಂದರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅವಳು ಯಾವತ್ತೂ ಲೋಟ ತೊಳೆದವಳಲ್ಲ.

ಕುರುಗೋಡಿನ ಐದೆಕರೆಯನ್ನು ದೊಡ್ಡಪ್ಪ ಮಗಳ ಹೆಸರಿಗೆ ಮಾಡಿಸಿದರು. ಅದು ಒಂಟಿ ಹೆಸರಿನ ಹೊಲ, ತಂದೆಯಿಂದ ಮಗಳಿಗೆ. ಕಳೆದುಹೋಗಿದ್ದ ಕಡತ ಅದಕ್ಕೆ ಬೇಕಾಗಲೇ ಇಲ್ಲ. ಹದಿನೈದು ದಿನದಲ್ಲಿ ಆಯಿತು. ಪಹಣಿಯಲ್ಲಿ ಮಗಳ ಹೆಸರು ನೋಡಬೇಕು ಎಂದಿದ್ದರಲ್ಲ, ನೋಡಿದರು. ಅವಳು ಒಂದು ದಿನವೂ ಕುಂಟೆ ಹೊಡೆಯದ ಹೊಲದ ಪಹಣಿ ಅದು. ಸಿರುಗುಪ್ಪದಿಂದ ಬಂದು ಮಾಡಲು ಆಗದೆ ಬೇರೆ ಯಾರಿಗೋ ಗುತ್ತಿಗೆ ಕೊಟ್ಟಳು. ನನ್ನ ತಮ್ಮ ಬದುವಿನ ಈಚೆ ನಿಂತು ಅದನ್ನು ನೋಡುತ್ತಾನೆ. ಇತ್ತ ನಮ್ಮ ಗದ್ದೆಯನ್ನೂ ನಾವು ಒಬ್ಬರಿಗೆ ಗುತ್ತಿಗೆ ಕೊಟ್ಟೆವು. ಅವನಿಗೆ ಡಯಾಂಚ ಹಾಕು ಎಂದರೆ, ‘ನನಗೇನ್ ಬಿದ್ದೈತ್ರಿ? ಮುಂದಿನ ವರ್ಷ ನೀವು ನನಗ ಕೊಡ್ತೀರಂತ ಏನ್ ಗ್ಯಾರಂಟಿ?’ ಎಂದ. ಅವನು ಹೇಳಿದ್ದು ಸರಿ. ಅದೂ ನಮ್ಮ ಪುಸ್ತಕದಲ್ಲಿ ಇತ್ತು.

ಆಮೇಲೆ ಒಂದು ದಿನ ಪಹಣಿ ತೆಗೆಸಲು ಸಿರುಗುಪ್ಪದ ಕಚೇರಿಗೆ ಹೋಗಿದ್ದೆ. ಗುಮಾಸ್ತನಾಗಿದ್ದ ನನ್ನ ಹಳೇ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ನೋಡಿ ಖುಷಿಪಟ್ಟ.

‘ಸರ್, ಈಗ ನಿಮ್ಮದು ಫಸ್ಟ್ ಕ್ಲಾಸ್ ಐತಿ. ಹೆಸರೂ ನಿಮ್ಮದ, ಕಬ್ಜಾನೂ ನಿಮ್ಮದ. ಏನೂ ತಿದ್ದೋದಿಲ್ಲ.’

ಈ ಸಲದ ಸೀಗಿ ಹುಣ್ಣಿಮೆಗೆ ಒಬ್ಬನೇ ಹೋದೆ. ತಮ್ಮ ಬರಲಿಲ್ಲ. ಹೆಂಡತಿ ಕಟ್ಟಿಕೊಟ್ಟ ಚರಗದ ಬುಟ್ಟಿ ಕೈಯಲ್ಲಿತ್ತು. ಕೆಳಗಿನ ಮೂಲೆಯಲ್ಲಿ ಭತ್ತ ಹಳದಿಗಟ್ಟಿ ಗೇಣುದ್ದ ನಿಂತಿತ್ತು, ಬುಡದಲ್ಲಿ ಬಿಳಿ ಉಪ್ಪು ಕಾಣುತ್ತಿತ್ತು. ಗುತ್ತಿಗೆಯವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಗದ್ದೆ ಬಿರುಕು ಬಿಟ್ಟಿತ್ತು. ಒಣಗಿದ ನೆಲಕ್ಕೆ ಚರಗ ಚೆಲ್ಲಲು ಮನಸ್ಸಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಬದುವಿನ ಮೇಲೆ ಸಿಕ್ಕ ಸಲಿಕೆ ತೆಗೆದುಕೊಂಡು ತೂಬಿನ ಹತ್ತಿರ ಮಣ್ಣು ಬಿಡಿಸಲು ಹೋದೆ. ಎಡಗಡೆ ಬಿಡಿಸಿದೆ. ನೀರು ನಮ್ಮ ಗದ್ದೆಗೆ ಬರುವುದು ಬಿಟ್ಟು ಪಕ್ಕದವರ ಗದ್ದೆಗೆ ನುಗ್ಗಿತು. ಮುಚ್ಚಲು ಹೋದೆ, ಕಾಲು ಹುಗಿಯಿತು. ಅರವತ್ತು ದಾಟಿದ ಅರ್ಥಶಾಸ್ತ್ರದ ಮೇಷ್ಟರು ಸ್ವಂತ ಗದ್ದೆಯ ತೂಬಿನ ಕೆಸರಿನಲ್ಲಿ ಮೊಣಕಾಲುದ್ದ ಸಿಕ್ಕಿಕೊಂಡು ತನಗೆ ತಾನೇ ಬೈದುಕೊಳ್ಳುತ್ತಿದ್ದ.

ಕಾಲುವೆ ಏರಿಯ ಮೇಲೆ ಕಳೆ ಕೀಳುವ ಹೆಂಗಸರ ಗುಂಪು ಹೊರಟಿತ್ತು, ಯಾರದೋ ಗದ್ದೆಗೆ ಕೂಲಿಗೆ. ಗುಂಪಿನಲ್ಲಿ ಒಬ್ಬಳು ನಿಂತಳು. ನಾನು ತಲೆ ಎತ್ತಿ ನೋಡಿದೆ, ತಂಗಿ. ಏರಿ ಇಳಿದು ಬರುತ್ತಾಳೆ ಎಂದುಕೊಂಡೆ, ಎರಡು ಹೆಜ್ಜೆಯ ದಾರಿ. ಬರಲಿಲ್ಲ. ಅಲ್ಲಿಂದಲೇ ಕುರುಪಿ ಹಿಡಿದ ಕೈ ಎತ್ತಿ ತೋರಿಸಿದಳು.

‘ಆ ಕಡಿ ಅಲ್ರಿ, ಸರ್. ಬಲಕ್ಕ ಬಿಡಸ್ರಿ.’

ಬಲಕ್ಕೆ ಬಿಡಿಸಿದೆ. ನೀರು ಬಂತು.